ವಿಮಾನ ಹತ್ತುವ ಮುನ್ನ ಪೆಟ್ಟಿಗೆ ಕಟ್ಟುವ ಬಗೆ

ನಲವತ್ತು ವರ್ಷ ಬಟ್ಟೆ ವ್ಯಾಪಾರ ಮಾಡಿದವನು ನಾನು. ಸೊಲ್ಲಾಪುರದ ಚಾದರು, ಟವೆಲ್ಲುಗಳ ಬೇಲು ಕಟ್ಟಿಸಿ ಊರೂರಿಗೆ ಕಳಿಸಿದ್ದೇನೆ. ಸಾಮಾನು ಕಟ್ಟುವುದನ್ನು ಯಾರೂ ನನಗೆ ಕಲಿಸಬೇಕಿಲ್ಲ ಎಂಬ ಗರ್ವವಿತ್ತು. ಅದು 2014ರಲ್ಲಿ ಇಳಿಯಿತು.

ಆ ವರ್ಷ ಅಮೆರಿಕದಲ್ಲಿರುವ ಮಗನ ಮನೆಗೆ ನಾವಿಬ್ಬರೂ ಮುಂಬಯಿಯಿಂದ ಹೊರಟೆವು. ನನ್ನ ಹೆಂಡತಿಗೆ ಸಕ್ಕರೆ ಕಾಯಿಲೆ, ದಿನಕ್ಕೆರಡು ಸಲ ಇನ್ಸುಲಿನ್ ಬೇಕು. “ರೀ, ಔಷಧದ ಡಬ್ಬಿ ನನ್ನ ಕೈಚೀಲದಾಗ ಇರಲಿ” ಅಂದಳು. “ದೊಡ್ಡ ಪೆಟ್ಟಿಗ್ಯಾಗ ಭದ್ರ ಇರ್ತದ, ಸುಮ್ನಿರು” ಅಂದೆ. ನಡುದಾರಿಯಲ್ಲಿ ವಿಮಾನ ಬದಲಿಸಿದೆವು. ನಾವು ಮುಟ್ಟಿದೆವು, ಪೆಟ್ಟಿಗೆ ಮುಟ್ಟಲಿಲ್ಲ. ಅದು ಬಂದದ್ದು ಮೂರನೆಯ ದಿನ. ಮಗ ರಾತ್ರೋರಾತ್ರಿ ವೈದ್ಯರನ್ನು ಹುಡುಕಿ ಇನ್ಸುಲಿನ್ ತಂದ. ಅವಳು ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೇ ಹಗುರಾಗುತ್ತಿತ್ತು.

ಆದ್ದರಿಂದ ಮೊದಲ ಮಾತು: ಔಷಧ, ವೈದ್ಯರ ಚೀಟಿ, ಪಾಸ್‌ಪೋರ್ಟ್, ಒಡವೆ, ಹಣ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ಇನ್ಸುಲಿನ್ ಅಂತೂ ಕೆಳಗಿನ ಸಾಮಾನಿಗೆ ಹೋಗಲೇಬಾರದು. ಅಲ್ಲಿಯ ಚಳಿಗೆ ಹೆಪ್ಪುಗಟ್ಟಿದರೆ ಅದರ ಗುಣ ಕೆಡುತ್ತದೆ. ಬೇಲಿನೊಳಗೆ ನಾವು ಚೀಟಿ ಇಡುವಂತೆ, ಪೆಟ್ಟಿಗೆಯ ಒಳಗೂ ಹೆಸರು, ಫೋನ್ ನಂಬರು, ಹೋಗುವ ಮನೆಯ ವಿಳಾಸ ಬರೆದಿಡಿ. ಹೊರಗಿನ ಚೀಟಿ ಹರಿದರೂ ಒಳಗಿನದು ಉಳಿಯುತ್ತದೆ.

ಎರಡನೆಯದು ತೂಕ. ದೇಶದೊಳಗಿನ ಬಹುತೇಕ ಸಾದಾ ಟಿಕೆಟ್ಟುಗಳಿಗೆ ದೊಡ್ಡ ಸಾಮಾನು 15 ಕಿಲೋ, ಕೈಚೀಲ 7 ಕಿಲೋ. ನಿಮ್ಮ ಟಿಕೆಟ್ಟಿನಲ್ಲಿ ಬರೆದದ್ದನ್ನೇ ನಂಬಿ. ಮನೆಯಲ್ಲೇ ತೂಗಿ ನೋಡಿದರೆ ನಿಲ್ದಾಣದಲ್ಲಿ ಎಲ್ಲರೆದುರು ಪೆಟ್ಟಿಗೆ ಬಿಚ್ಚುವ ಪ್ರಸಂಗ ಬರುವುದಿಲ್ಲ.

ಮೂರನೆಯದು ಬೆಂಕಿಯ ಭಯ. ಮೊಬೈಲಿಗೆ ವಿದ್ಯುತ್ ತುಂಬುವ ಪವರ್ ಬ್ಯಾಂಕನ್ನು ದೊಡ್ಡ ಪೆಟ್ಟಿಗೆಯಲ್ಲಿ ಹಾಕುವಂತಿಲ್ಲ. ಅದರೊಳಗಿನ ಲಿಥಿಯಂ ಬ್ಯಾಟರಿ ಹೊತ್ತಿಕೊಂಡರೆ ಕೆಳಗೆ ನೋಡುವವರಿಲ್ಲ. ಮೇಲೆ ಆದರೆ ಸಿಬ್ಬಂದಿ ಆರಿಸಬಹುದು. 100 ವ್ಯಾಟ್-ಅವರ್‌ವರೆಗಿನದಕ್ಕೆ ವಿಶೇಷ ಅನುಮತಿ ಬೇಡ. 20,000 ಎಂಎಎಚ್ ಎಂದು ಬರೆದದ್ದು ಸುಮಾರು 74 ಆಗುತ್ತದೆ. ಬೆಂಕಿಪೆಟ್ಟಿಗೆ, ಲೈಟರ್, ಕರ್ಪೂರ ಮನೆಯಲ್ಲೇ ಇರಲಿ. ಒಣ ಕೊಬ್ಬರಿಯೂ ಬೇಡ! ಅದರ ಎಣ್ಣೆಯಂಶದಿಂದ ತಾನೇ ಬಿಸಿಯಾಗಿ ಹೊತ್ತುವ ಸಂಭವವಿದೆ ಎಂದು 2022ರಲ್ಲಿ ನಮ್ಮ ದೇಶದಲ್ಲಿ ಅದನ್ನೂ ನಿಷೇಧದ ಪಟ್ಟಿಗೆ ಸೇರಿಸಿದರು. ಹಿರಿಯರ ಅಡಕತ್ತರಿ, ಚಾಕು ದೊಡ್ಡ ಪೆಟ್ಟಿಗೆಗೆ.

ಇನ್ನು ಅಕ್ಕ-ತಂಗಿಯರಿಗೆ. ವಿದೇಶ ಪ್ರಯಾಣದಲ್ಲಿ ಕೈಚೀಲದ ದ್ರವ ಪದಾರ್ಥ 100 ಮಿಲಿಲೀಟರ್ ಮೀರಬಾರದು. ತುಪ್ಪ, ಉಪ್ಪಿನಕಾಯಿಯನ್ನು ಬಿಗಿಯಾಗಿ ಮುಚ್ಚಿ, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ದೊಡ್ಡ ಪೆಟ್ಟಿಗೆಯಲ್ಲಿಡಿ. ಶೇಂಗಾ ಚಟ್ನಿ, ಕಡಕ್ ರೊಟ್ಟಿ ಮಕ್ಕಳಿಗೆ ಒಯ್ಯುವಾಗ ಆ ದೇಶದ ಕಸ್ಟಮ್ಸ್ ಫಾರಂನಲ್ಲಿ ಮುಚ್ಚಿಡದೆ ಬರೆಯಿರಿ. ತಾಜಾ ಹಣ್ಣು ಬೇಡ. ದೂರದ ವಿಮಾನಗಳಲ್ಲಿ ಜೈನ ಊಟ ಸಿಗುತ್ತದೆ, ಆದರೆ ಕನಿಷ್ಠ 24 ಗಂಟೆ ಮೊದಲೇ ಹೇಳಿರಬೇಕು. ಅವರು ಬಡಿಸುವ ಹೊತ್ತಿಗೆ ಸೂರ್ಯ ಮುಳುಗಿರಬಹುದು. ನಿಯಮವಿದ್ದವರು ಒಣ ತಿಂಡಿ ಜೊತೆಗಿಟ್ಟುಕೊಳ್ಳುವುದು ಒಳ್ಳೆಯದು.

ಒಳಗೆ ಕೂತ ಮೇಲೆ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ಬಹಳ ಹೊತ್ತು ಕೂತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯವಿದೆ. ವಿಮಾನ ಇಳಿಯುವಾಗ ಕಿವಿ ಕಟ್ಟಿದರೆ ಉಗುಳು ನುಂಗಿ, ಕೂಸಿಗೆ ಹಾಲೂಡಿಸಿ.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. 2024ರ ಜನವರಿ 2ರಂದು ಟೋಕಿಯೋದ ಹನೇಡಾ ನಿಲ್ದಾಣದಲ್ಲಿ ಜಪಾನ್ ಏರ್‌ಲೈನ್ಸ್ ವಿಮಾನವೊಂದು ಕರಾವಳಿ ಕಾವಲು ಪಡೆಯ ವಿಮಾನಕ್ಕೆ ಡಿಕ್ಕಿ ಹೊಡೆದು ಹೊತ್ತಿ ಉರಿಯಿತು. ಆ ಚಿಕ್ಕ ವಿಮಾನದ ಐವರು ತೀರಿಕೊಂಡರು. ದೊಡ್ಡದರಲ್ಲಿದ್ದ 379 ಜನರೂ ಜೀವಸಹಿತ ಹೊರಬಂದರು. ಸಾಮಾನು ಅಲ್ಲೇ ಬಿಟ್ಟು, ಸಿಬ್ಬಂದಿ ಹೇಳಿದಂತೆ ನಡೆದದ್ದು ಅವರನ್ನು ಉಳಿಸಿತು. ಅಷ್ಟು ಮುತುವರ್ಜಿಯಿಂದ ಕಟ್ಟಿದ ಪೆಟ್ಟಿಗೆಯಾದರೂ, ಬಿಡುವ ಹೊತ್ತು ಬಂದರೆ ತಿರುಗಿ ನೋಡದೆ ಬಿಡಬೇಕು.

ಈಗ ನಮ್ಮ ಮನೆಯಲ್ಲಿ ಪ್ರಯಾಣವೆಂದರೆ ಔಷಧದ ಡಬ್ಬಿ ಅವಳ ಕೈಯಲ್ಲಿ, ತಕ್ಕಡಿ ನನ್ನ ಕೈಯಲ್ಲಿ. ನಿಮ್ಮ ಪ್ರಯಾಣ ಸುಖಕರವಾಗಲಿ. ಜೈ ಜಿನೇಂದ್ರ.