ಅನುಭವವೂ ಪ್ರಖ್ಯಾತಿಯೂ: ಅಮೆರಿಕದ ಕಾಲೇಜು ಫುಟ್‌ಬಾಲಿನ ಕೆಲವು ತಪ್ಪು ಕಲ್ಪನೆಗಳು

ಫುಟ್‌ಬಾಲ್ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಕಾಲಿನಿಂದ ಒದೆಯುವ ದುಂಡುಚೆಂಡಿನ ಆಟ. ಅಮೆರಿಕದವರು ಅದೇ ಹೆಸರಿನಿಂದ ಕರೆಯುವ ಆಟವಾದರೋ ಬೇರೆಯೇ ಒಂದು. ಎರಡು ತುದಿಗಳೂ ಮೊನಚಾದ ಚೆಂಡನ್ನು ಕೈಯಿಂದ ಎಸೆದು, ಹಿಡಿದು, ಎದೆಗವುಚಿಕೊಂಡು ಓಡಿ, ನಾಲ್ಕು ಪ್ರಯತ್ನಗಳೊಳಗಾಗಿ ಹತ್ತು ಗಜಗಳಷ್ಟಾದರೂ ಮುಂದೆ ಸಾಗಬೇಕೆಂಬ ನಿಯಮಕ್ಕೆ ಕಟ್ಟುಬಿದ್ದು, ಪಕ್ಷಕ್ಕೆ 11 ಮಂದಿಯಂತೆ ಮೈಗೆ ಮೈಯೊಡ್ಡಿ ಆಡತಕ್ಕ ಆಟ ಅದು. ಅಲ್ಲಿಯ ವಿಶ್ವವಿದ್ಯಾನಿಲಯಗಳ ತಂಡಗಳು ಆಡುವಾಗ ಒಂದೊಂದು ಕ್ರೀಡಾಂಗಣದಲ್ಲಿ ಲಕ್ಷಕ್ಕೆ ಮೀರಿದ ಜನ ಸೇರುವುದುಂಟು. ಆಡುವವರು ಮಾತ್ರ ವಿದ್ಯಾರ್ಥಿಗಳು. ವಿಶೇಷ ವಿನಾಯಿತಿಗಳನ್ನು ಬಿಟ್ಟರೆ, ಐದು ವರ್ಷಗಳ ಅವಧಿಯಲ್ಲಿ ನಾಲ್ಕು ಋತುಗಳನ್ನಾಡಲು ಅವಕಾಶವೆಂಬ ಕಟ್ಟಳೆ ಬಹುಕಾಲದಿಂದ ನಡೆದುಬಂದಿರುವ ಕಾರಣ, ಯಾವ ತಂಡವೂ ಎರಡು ವರ್ಷ ಒಂದೇ ತಂಡವಾಗಿ ಉಳಿಯಲಾರದು. ಹೀಗಿರುವಲ್ಲಿ, ಪಳಗಿದವರು ಎಷ್ಟು ಮಂದಿ ಉಳಿದಿದ್ದಾರೆ, ಹೆಸರಾದವರು ಎಷ್ಟು ಮಂದಿ ಬಂದಿದ್ದಾರೆ ಎಂಬೆರಡು ಎಣಿಕೆಗಳಿಂದಲೇ ಭವಿಷ್ಯವನ್ನು ನಿರ್ಣಯಿಸಿಬಿಡುವ ಅಭ್ಯಾಸ ಅಭಿಮಾನಿಗಳಲ್ಲಿ ಬೇರೂರಿದುದು ಸಹಜವೇ. ಆ ಎಣಿಕೆಗಳ ಹಿಂದಿರುವ ನಂಬಿಕೆಗಳಲ್ಲಿ ದಿಟವೆಷ್ಟು, ಭ್ರಾಂತಿಯೆಷ್ಟು ಎಂಬುದನ್ನು ಪರಾಮರ್ಶಿಸುವುದು ಈ ಲೇಖನದ ಉದ್ದೇಶ.

ಹೆಚ್ಚು ವರ್ಷ ಆಡಿದವನೇ ಹೆಚ್ಚು ನಂಬತಕ್ಕವನು, ಹೊಸಬನ ಕೈಗೆ ಚೆಂಡು ಕೊಡುವುದು ಸೋಲಿಗೆ ಆಹ್ವಾನವಿತ್ತಂತೆ ಎಂಬುದು ಎಲ್ಲಕ್ಕಿಂತ ಹಳೆಯ ನಂಬಿಕೆ. ಇದಕ್ಕೆ ನಿಯಮದ ಬೆಂಬಲವೂ ಇತ್ತು. 1972ಕ್ಕೆ ಮುಂಚೆ ಸಾಮಾನ್ಯವಾಗಿ ಮೊದಲ ವರ್ಷದ ವಿದ್ಯಾರ್ಥಿಗೆ, ಎಂದರೆ ಅವರು ಫ್ರೆಶ್‌ಮನ್ ಎನ್ನುವವನಿಗೆ, ಮುಖ್ಯ ತಂಡದಲ್ಲಿ ಆಡುವ ಅರ್ಹತೆಯೇ ಇರಲಿಲ್ಲ. ನಿಯಮ ಹೋದರೂ ಅದು ಬಿಟ್ಟುಹೋದ ಭಾವನೆ ಹೋಗಲಿಲ್ಲ. ಹೈಸ್‌ಮನ್ ಪ್ರಶಸ್ತಿ, ಕಾಲೇಜು ಆಟಗಾರನಿಗೆ ಸಲ್ಲುವ ಆ ಪರಮ ಗೌರವ, 1935ರಿಂದ ಮುಕ್ಕಾಲು ಶತಮಾನದವರೆಗೂ ಒಬ್ಬ ಫ್ರೆಶ್‌ಮನ್‌ಗೂ ದೊರೆಯದೆ, 2012ರಲ್ಲಿ ಟೆಕ್ಸಸ್ ಎ ಅಂಡ್ ಎಮ್ ತಂಡದ ಜಾನಿ ಮ್ಯಾನ್‌ಜೆಲ್‌ಗೂ ಮರುವರ್ಷವೇ ಫ್ಲಾರಿಡಾ ಸ್ಟೇಟ್‌ನ ಜೇಮಿಸ್ ವಿನ್‌ಸ್ಟನ್‌ಗೂ ದೊರೆತಾಗ ಜನ ಬೆರಗಾದರು. ಆದರೆ ಇವರಿಬ್ಬರೂ ಕಾಲೇಜಿಗೆ ಸೇರಿದ ಮೊದಲ ವರ್ಷವನ್ನು ಪಂದ್ಯಗಳಲ್ಲಿ ಆಡದೆ ಕೇವಲ ಅಭ್ಯಾಸದಲ್ಲಿ ಕಳೆದಿದ್ದವರು. ಲೆಕ್ಕದ ಪುಸ್ತಕದಲ್ಲಿ ಹೊಸಬರೇ ಹೊರತು ಆಟದ ಪಾಠದಲ್ಲಿ ಅಲ್ಲ.

ಈ ನಂಬಿಕೆಯನ್ನು ನಿಜವಾಗಿ ಅಲುಗಿಸಿದುದು 2018ರ ಜನವರಿ 8ರ ರಾತ್ರಿ. ಅಟ್ಲಾಂಟಾದಲ್ಲಿ ರಾಷ್ಟ್ರೀಯ ಚಾಂಪಿಯನ್‌ಷಿಪ್ ಪಂದ್ಯ; ಅಲಬಾಮಾ ಒಂದು ಕಡೆ, ಜಾರ್ಜಿಯಾ ಇನ್ನೊಂದು ಕಡೆ. ಅಲಬಾಮಾದ ಕ್ವಾರ್ಟರ್‌ಬ್ಯಾಕ್, ಎಂದರೆ ಪ್ರತಿಯೊಂದು ಆಟಕ್ಕೂ ಚಾಲನೆ ಕೊಡುವ ಸಾರಥಿ, ಜೇಲನ್ ಹರ್ಟ್ಸ್; ಎರಡು ಋತುಗಳಲ್ಲಿ ತಂಡವನ್ನು ನಡೆಸಿ ಎರಡೇ ಎರಡು ಸೋಲುಗಳನ್ನು ಕಂಡವನು. ಅರ್ಧ ಆಟ ಮುಗಿಯುವ ಹೊತ್ತಿಗೆ ಅವನ ತಂಡ 13-0ರಿಂದ ಹಿಂದೆ ಬಿದ್ದಿತ್ತು. ಆಗ ಕೋಚ್ ನಿಕ್ ಸೇಬನ್ ಅವರು ಹರ್ಟ್ಸ್‌ನನ್ನು ಕೂರಿಸಿ, ಅಲ್ಲಿಯವರೆಗೆ ಒಂದೂ ಪಂದ್ಯವನ್ನು ಆರಂಭದಿಂದ ಆಡಿಲ್ಲದ ಟುವಾ ಟಾಗೊವೈಲೋವಾ ಎಂಬ ಮೊದಲ ವರ್ಷದ ಹುಡುಗನನ್ನು ಕಣಕ್ಕಿಳಿಸಿದರು. ಆಟ 20-20ಕ್ಕೆ ಸಮವಾಗಿ ಹೆಚ್ಚುವರಿ ಸರದಿಗೆ ಹೋಯಿತು. ಜಾರ್ಜಿಯಾ ಮೂರು ಅಂಕ ಗಳಿಸಿತು. ಅಲಬಾಮಾದ ಸರದಿಯ ಮೊದಲ ಪ್ರಯತ್ನದಲ್ಲಿ ಆ ಹುಡುಗ, ಎದುರಾಳಿಗಳು ಮೇಲೆ ಬೀಳುತ್ತಿದ್ದರೂ ಚೆಂಡನ್ನು ಹೊರಗೆಸೆದು ಕೈತೊಳೆದುಕೊಳ್ಳಬೇಕೆಂಬ ವಿವೇಕವಿಲ್ಲದೆ ಹಿಂದಕ್ಕೆ ಹಿಂದಕ್ಕೆ ಓಡಿ, 16 ಗಜಗಳನ್ನು ಕಳೆದುಕೊಂಡ. ಅನನುಭವದ ತಪ್ಪೆಂದರೆ ಇದೇ. ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯಲಾರದು. ಮರುಪ್ರಯತ್ನದಲ್ಲಿ, ಇನ್ನೂ 26 ಗಜ ಸಾಗಬೇಕಾಗಿದ್ದಾಗ, ಅದೇ ಹುಡುಗ ಕಾವಲುಗಾರನ ಕಣ್ಣನ್ನು ತನ್ನ ನೋಟದಿಂದಲೇ ಬೇರೆ ದಿಕ್ಕಿಗೆ ಸೆಳೆದು, ಇನ್ನೊಬ್ಬ ಫ್ರೆಶ್‌ಮನ್ ಆದ ಡೆವಾಂಟಾ ಸ್ಮಿತ್‌ಗೆ 41 ಗಜಗಳ ಟಚ್‌ಡೌನ್, ಎಂದರೆ ಎದುರಾಳಿಯ ಕೊನೆಯ ಗೆರೆಯನ್ನು ದಾಟಿಸಿ ಆರು ಅಂಕ ತರುವ ಚೆಂಡು, ಎಸೆದ. 26-23, ಪಂದ್ಯ ಮುಗಿಯಿತು.

ಈ ರಾತ್ರಿಯನ್ನು ನೆನೆದು ಅನುಭವಕ್ಕೆ ಬೆಲೆಯೇ ಇಲ್ಲವೆನ್ನುವವರು ಹೊರಟಿದ್ದಾರೆ. ಅದು ಮೊದಲಿನದಕ್ಕಿಂತ ದೊಡ್ಡ ತಪ್ಪು. ಎರಡು ಪ್ರಯತ್ನಗಳ ಅಂತರದಲ್ಲಿ ಅನನುಭವವೂ ಪ್ರತಿಭೆಯೂ ಒಂದೇ ದೇಹದಲ್ಲಿ ತೋರಿಕೊಂಡವು ಎಂಬುದಷ್ಟೇ ಅಲ್ಲಿ ಸಿದ್ಧವಾದ ಸಂಗತಿ. ಅನುಭವವೆಂಬುದು ವರ್ಷಗಳ ಮೊತ್ತವಲ್ಲ. ಅದು ಆಟಗಾರ ನಿಲ್ಲುವ ಸ್ಥಾನವನ್ನೂ ಅವನ ಪಕ್ಕದಲ್ಲಿ ನಿಲ್ಲುವವರನ್ನೂ ಅವಲಂಬಿಸಿದ ಗುಣ. ಚೆಂಡು ಹಿಡಿದು ಓಡುವವನಿಗೆ ಕಾಲಿನ ವೇಗವೂ ಕಣ್ಣಿನ ಚುರುಕೂ ಹುಟ್ಟಿನಿಂದ ಬಂದವುಗಳಾದ್ದರಿಂದ ಹದಿನೆಂಟರ ಹರೆಯದಲ್ಲೇ ಅವನು ಬೆಳಗಬಲ್ಲ. ಆದರೆ ಕ್ವಾರ್ಟರ್‌ಬ್ಯಾಕ್‌ನ ಮುಂದೆ ಗೋಡೆಯಂತೆ ನಿಲ್ಲುವ ಐವರು ಲೈನ್‌ಮನ್‌ಗಳ ವಿಷಯ ಹಾಗಲ್ಲ. ಎದುರಾಳಿಗಳು ಸ್ಥಾನ ಬದಲಿಸಿಕೊಂಡು ಅಡ್ಡಡ್ಡಲಾಗಿ ನುಗ್ಗಿದಾಗ ಯಾರು ಯಾರನ್ನು ಬಿಡಬೇಕು, ಯಾರು ಯಾರನ್ನು ತಡೆಯಬೇಕು ಎಂಬುದನ್ನು ಮಾತಿಲ್ಲದೆ, ಭುಜದ ಸ್ಪರ್ಶಮಾತ್ರದಿಂದ ತೀರ್ಮಾನಿಸಿಕೊಳ್ಳಬೇಕಾದ ಆ ಐವರಲ್ಲಿ ಒಬ್ಬೊಬ್ಬನೂ ಮಲ್ಲನಾಗಿದ್ದರೂ, ಜೊತೆಯಲ್ಲಿ ಆಡಿ ಪಳಗಿರದಿದ್ದರೆ ನಡುವೆ ಬಿರುಕು ಬಿಟ್ಟೇ ತೀರುತ್ತದೆ. ಪತ್ರಿಕೆಗಳಲ್ಲಿ ಇವರ ಹೆಸರು ಬರುವುದಿಲ್ಲ, ಇವರ ಹೆಸರಿನ ಅಂಗಿಗಳನ್ನು ಯಾರೂ ಕೊಳ್ಳುವುದಿಲ್ಲ; ಅನುಭವದ ಬೆಲೆ ಅತ್ಯಧಿಕವಾದ ಸ್ಥಾನವೇ ಪ್ರಖ್ಯಾತಿ ಅತ್ಯಲ್ಪವಾದ ಸ್ಥಾನವೂ ಆಗಿರುವುದು ನನಗೆ ಈ ಆಟದ ದೊಡ್ಡ ಅನ್ಯಾಯವಾಗಿ ತೋರುತ್ತದೆ.

ಕ್ವಾರ್ಟರ್‌ಬ್ಯಾಕ್‌ಗಳಲ್ಲಿಯೂ ಅನುಭವ ಫಲಿಸಿದ ಉದಾಹರಣೆಗಳಿಗೆ ಕೊರತೆಯಿಲ್ಲ. ಬೋ ನಿಕ್ಸ್ ಎಂಬವನು ಆಬರ್ನ್‌ನಲ್ಲಿ ಮೂರು ವರ್ಷ, ಆರೆಗಾನ್‌ನಲ್ಲಿ ಎರಡು ವರ್ಷ, ಒಟ್ಟು 61 ಪಂದ್ಯಗಳನ್ನು ಆರಂಭಿಸಿ, ಕೊನೆಯ ವರ್ಷವಾದ 2023ರಲ್ಲಿ ತಾನೆಸೆದ ಚೆಂಡುಗಳಲ್ಲಿ ಶೇಕಡ 77.4ರಷ್ಟನ್ನು ಗುರಿಮುಟ್ಟಿಸಿದ. ಆದರೆ ಅದೇ ಕಾಲದಲ್ಲಿ ಡಿ.ಜೆ. ಉಯಾಂಗಲಲೇ ಕ್ಲೆಮ್ಸನ್‌ನಲ್ಲಿಯೂ ಆರೆಗಾನ್ ಸ್ಟೇಟ್‌ನಲ್ಲಿಯೂ ಆಡಿ ಪಳಗಿ, ಶಾಲೆಯ ದಿನಗಳಿಂದಲೇ ಪಂಚತಾರಾ ಬಿರುದಿನ, ಎಂದರೆ ಶಾಲಾ ಆಟಗಾರರಿಗೆ ಕೊಡುವ ಅತ್ಯುನ್ನತ ದರ್ಜೆಯ, ಕೀರ್ತಿಯನ್ನೂ ಹೊತ್ತು 2024ರಲ್ಲಿ ಫ್ಲಾರಿಡಾ ಸ್ಟೇಟ್‌ಗೆ ಬಂದ. ಹಿಂದಿನ ವರ್ಷ ತನ್ನ ಕಾನ್ಫರೆನ್ಸಿನ, ಎಂದರೆ ತಂಡಗಳ ಕೂಟದ, ಚಾಂಪಿಯನ್‌ಷಿಪ್ ಪಂದ್ಯದ ತನಕ 13ಕ್ಕೆ 13 ಗೆದ್ದಿದ್ದ ತಂಡ ಅದು. ಹೊಸ ಋತುವಿನ ಆರಂಭದಲ್ಲಿ ದೇಶಕ್ಕೆ 10ನೆಯ ಸ್ಥಾನವನ್ನು ಪಡೆದಿತ್ತು. ಅವನು ಗಾಯಗೊಂಡು ಹೊರಗುಳಿಯುವ ಮುನ್ನ ಆಡಿದ ಐದು ಪಂದ್ಯಗಳಲ್ಲಿ ತಂಡ ನಾಲ್ಕನ್ನು ಸೋತಿತ್ತು. ವರ್ಷದ ಕೊನೆಗೆ ಗೆಲುವು ಎರಡು, ಸೋಲು ಹತ್ತು. ಇಬ್ಬರಿಗೂ ಅನುಭವವಿತ್ತು. ಒಬ್ಬನಿಗೆ ಅದನ್ನು ಬೆಳೆಸುವ ನೆಲ ದೊರೆಯಿತು, ಇನ್ನೊಬ್ಬನಿಗೆ ಆ ವರ್ಷ ದೊರೆಯಲಿಲ್ಲ.

ಋತುವಿಗೆ ಮೊದಲೇ ಪ್ರಕಟವಾಗುವ ಶ್ರೇಯಾಂಕಪಟ್ಟಿ ತಂಡಗಳ ಶಕ್ತಿಯ ಅಳತೆಯೆಂಬುದು ಇನ್ನೊಂದು ಭ್ರಮೆ. ಅಸೋಸಿಯೇಟೆಡ್ ಪ್ರೆಸ್ಸಿನವರು ಪತ್ರಕರ್ತರ ಮತ ಪಡೆದು ಈ ಪಟ್ಟಿಯನ್ನು 1936ರಿಂದ ಸಿದ್ಧಪಡಿಸುತ್ತಿದ್ದರಾದರೂ, ಒಂದು ಚೆಂಡೂ ಅಲುಗುವ ಮುನ್ನವೇ ಸ್ಥಾನ ಹಂಚುವ ಪದ್ಧತಿ 1950ರಿಂದೀಚಿನದು. ಕಳೆದ ವರ್ಷಗಳ ನೆನಪು, ವಿಶ್ವವಿದ್ಯಾನಿಲಯದ ಹೆಸರು, ಹೊಸದಾಗಿ ಸೇರಿದವರ ಕೀರ್ತಿ, ಇವುಗಳ ಮಿಶ್ರಣದಿಂದ ಹುಟ್ಟುವ ಈ ಪಟ್ಟಿ ಅಭಿಪ್ರಾಯವೇ ಹೊರತು ಅಳತೆಯಲ್ಲ. 2012ರಲ್ಲಿ ಮೊದಲನೆಯದೆನಿಸಿ ಆರಂಭಿಸಿದ ಸದರ್ನ್ ಕ್ಯಾಲಿಫೋರ್ನಿಯಾ 7 ಗೆಲುವು, 6 ಸೋಲುಗಳಲ್ಲಿ ಮುಗಿಸಿತು. 2025ರಲ್ಲಿ ಮೊದಲ ಸ್ಥಾನದಿಂದ ಹೊರಟ ಟೆಕ್ಸಸ್, ಮೊದಲ ಪಂದ್ಯದಲ್ಲೇ ಒಹಾಯೊ ಸ್ಟೇಟ್‌ಗೆ 14-7ರಿಂದ ಸೋತಿತು. ಅದರ ಕ್ವಾರ್ಟರ್‌ಬ್ಯಾಕ್ ಆರ್ಚ್ ಮ್ಯಾನಿಂಗ್. ಅಜ್ಜ ಆರ್ಚಿ, ಚಿಕ್ಕಪ್ಪಂದಿರಾದ ಪೇಟನ್ ಮತ್ತು ಈಲೈ, ಮೂವರೂ ಈ ಆಟದಲ್ಲಿ ಮನೆಮಾತಾದವರು. ಆ ಪಂದ್ಯಕ್ಕೆ ಮೊದಲು ಕಾಲೇಜಿನಲ್ಲಿ ಎರಡೇ ಪಂದ್ಯಗಳನ್ನು ಆರಂಭಿಸಿದ್ದ ಆ ಹುಡುಗನ ತಲೆಯ ಮೇಲೆ ಮನೆತನದ ಕೀರ್ತಿಯ ಮೂಟೆಯನ್ನು ಹೊರಿಸಿದವರು ಬೇರೆಯವರು, ದೋಷ ಅವನದಲ್ಲ.

ಪ್ರಖ್ಯಾತಿಯ ಮಬ್ಬು ಎದುರಾಳಿಯ ಅನುಭವವನ್ನೂ ಮರೆಸಿಬಿಡುತ್ತದೆ. 2007ರ ಸೆಪ್ಟೆಂಬರ್ 1ರಂದು ಆನ್ ಆರ್ಬರ್‌ನಲ್ಲಿ ದೇಶದ 5ನೆಯ ಸ್ಥಾನದ ಮಿಶಿಗನ್ ತಂಡವನ್ನು ಕೆಳ ಶ್ರೇಣಿಯ ಅಪಲಾಚಿಯನ್ ಸ್ಟೇಟ್ 34-32ರಿಂದ ಸೋಲಿಸಿದ್ದನ್ನು ಇಂದಿಗೂ ಅದೃಷ್ಟದ ಆಟವೆಂದೇ ಬಣ್ಣಿಸುವವರಿದ್ದಾರೆ. ಮಿಶಿಗನ್‌ನಲ್ಲಿ ಚಾಡ್ ಹೆನಿ, ಮೈಕ್ ಹಾರ್ಟ್, ಜೇಕ್ ಲಾಂಗ್‌ರಂತಹ ಪಳಗಿದ ಹಿರಿಯರಿದ್ದರೆಂಬುದು ನಿಜ. ಆದರೆ ಅಪಲಾಚಿಯನ್ ಸ್ಟೇಟ್ ತನ್ನ ಶ್ರೇಣಿಯಲ್ಲಿ 2005ರಲ್ಲಿಯೂ 2006ರಲ್ಲಿಯೂ ಚಾಂಪಿಯನ್ ಆಗಿದ್ದ ತಂಡ. ಕೊನೆಯ ಕ್ಷಣದವರೆಗೆ ಕಾದಾಡಿ ಗೆಲ್ಲುವುದು ಅವರಿಗೆ ರೂಢಿಯಾಗಿತ್ತು. ಕೊನೆಯ ಸೆಕೆಂಡುಗಳಲ್ಲಿ ಮಿಶಿಗನ್‌ನವರು ಅಂಕಕ್ಕಾಗಿ ಒದ್ದ ಚೆಂಡನ್ನು ತಡೆದು ಗೆಲುವನ್ನು ಉಳಿಸಿಕೊಂಡ ಕೈ ಆಕಸ್ಮಿಕವಾಗಿ ಅಲ್ಲಿಗೆ ಬಂದುದಲ್ಲ. ಆ ದಿನ ಎರಡು ಕಡೆಯಲ್ಲೂ ಅನುಭವವಿತ್ತು, ಒಂದು ಕಡೆ ಮಾತ್ರ ಹೆಸರಿತ್ತು.

ಪ್ರೌಢಶಾಲೆಯ ಹುಡುಗರಿಗೆ ಒಂದರಿಂದ ಐದರವರೆಗೆ ನಕ್ಷತ್ರಗಳನ್ನು ಹಂಚುವ ಸಂಸ್ಥೆಗಳ ವಿಷಯದಲ್ಲಿ ಜನ ಎರಡು ಪಂಗಡವಾಗಿದ್ದಾರೆ. ನಕ್ಷತ್ರವೇ ಹಣೆಬರಹವೆನ್ನುವವರು ಒಂದು, ನಕ್ಷತ್ರಗಳೆಲ್ಲ ಬರಿಯ ಬೊಗಳೆಯೆನ್ನುವವರು ಇನ್ನೊಂದು. ವರ್ಷಕ್ಕೆ ಸುಮಾರು ಮೂವತ್ತು ಮಂದಿಗಷ್ಟೇ ದೊರೆಯುವ ಐದು ನಕ್ಷತ್ರಗಳನ್ನು ಪಡೆದ ಒಬ್ಬೊಬ್ಬನಿಗೂ ವೃತ್ತಿಪರ ತಂಡ ಸೇರುವ ಸಂಭವ ಉಳಿದವರಿಗಿಂತ ಬಹಳ ಹೆಚ್ಚು, ಅದರಲ್ಲಿ ಸಂಶಯವಿಲ್ಲ. ಆದರೆ ಮೂರು ಮತ್ತು ಅದಕ್ಕೂ ಕಡಿಮೆ ನಕ್ಷತ್ರದವರು ಸಾವಿರಾರು ಮಂದಿ ಇರುವುದರಿಂದ, ಒಟ್ಟು ಎಣಿಕೆಯಲ್ಲಿ ವೃತ್ತಿಪರರಾಗುವವರಲ್ಲಿ ಅವರೇ ಅಧಿಕ. ಮುಂದೆ ವೃತ್ತಿಪರ ಕ್ವಾರ್ಟರ್‌ಬ್ಯಾಕ್ ಆಗಿ ಹೆಸರಾದ ಜೋಶ್ ಆಲನ್‌ಗೆ ಶಾಲೆ ಬಿಡುವಾಗ ಯಾವ ದೊಡ್ಡ ವಿಶ್ವವಿದ್ಯಾನಿಲಯದಿಂದಲೂ ಕರೆ ಬರಲಿಲ್ಲ. ಸ್ಟೆಟ್ಸನ್ ಬೆನೆಟ್ ವಿದ್ಯಾರ್ಥಿವೇತನವಿಲ್ಲದೆ ಜಾರ್ಜಿಯಾ ಸೇರಿ, ನಡುವೆ ಮಿಸಿಸಿಪಿಯ ಒಂದು ಕಿರಿಯ ಕಾಲೇಜಿಗೆ ಹೋಗಿ ಆಡಿ, ಹಿಂದಿರುಗಿ ಬಂದು ಸತತ ಎರಡು ಬಾರಿ ತಂಡವನ್ನು ರಾಷ್ಟ್ರೀಯ ಚಾಂಪಿಯನ್ ಮಾಡಿದ. ಕಾಲೇಜಿನ ಕೀರ್ತಿ ಮುಂದಿನ ಬಾಳಿಗೂ ಮುದ್ರೆಯೊತ್ತುತ್ತದೆಂಬ ಮಾತೂ ಇಷ್ಟೇ ಸತ್ಯ: ಮೊಟ್ಟಮೊದಲ ಹೈಸ್‌ಮನ್ ವಿಜೇತ ಜೇ ಬರ್ವಾಂಗರ್ ವೃತ್ತಿಪರ ಪಂದ್ಯವೊಂದನ್ನೂ ಆಡಲಿಲ್ಲ, ವೃತ್ತಿಪರ ತಂಡಗಳ 2000ದ ಆಯ್ಕೆಯಲ್ಲಿ 199ನೆಯವನಾಗಿ ಕರೆಯಿಸಿಕೊಂಡ ಟಾಮ್ ಬ್ರೇಡಿ ಆ ಆಟದ ಅತ್ಯಂತ ಖ್ಯಾತ ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ಒಬ್ಬನಾದ.

ಅನುಭವದ ಬೆಲೆ ಇಂದು ಎಷ್ಟಕ್ಕೇರಿದೆಯೆಂಬುದನ್ನು ತಿಳಿಯಬೇಕಾದರೆ ಡಿಯೇಗೊ ಪಾವಿಯಾನ ಕಥೆಯನ್ನು ನೋಡಬೇಕು. 2018ರಲ್ಲಿ ವರ್ಗಾವಣೆಯ ಪೋರ್ಟಲ್, ಎಂದರೆ ವಿಶ್ವವಿದ್ಯಾನಿಲಯ ಬದಲಿಸಬಯಸುವ ಆಟಗಾರರ ಪಟ್ಟಿ, ತೆರೆದು, 2021ರಲ್ಲಿ ವಿಶ್ವವಿದ್ಯಾನಿಲಯ ಬದಲಿಸಿದವನು ಒಂದು ವರ್ಷ ಕಾಯಬೇಕೆಂಬ ನಿರ್ಬಂಧ ಸಡಿಲಿದ ಮೇಲೆ, ಪಳಗಿದ ಆಟಗಾರ ಎಲ್ಲರೂ ಅರಸುವ ವಸ್ತುವಾದ. ಪಾವಿಯಾ ನ್ಯೂ ಮೆಕ್ಸಿಕೊದ ಒಂದು ಕಿರಿಯ ಮಿಲಿಟರಿ ಕಾಲೇಜಿನಲ್ಲಿ ಆಡಿ, ನ್ಯೂ ಮೆಕ್ಸಿಕೊ ಸ್ಟೇಟ್‌ನಲ್ಲಿ ಆಡಿ, ಹೆಸರೇನೂ ಇಲ್ಲದೆ ವ್ಯಾಂಡರ್‌ಬಿಲ್ಟ್‌ಗೆ ಬಂದವನು. 2024ರ ಅಕ್ಟೋಬರ್ 5ರಂದು ಅವನ ತಂಡ ದೇಶಕ್ಕೇ ಮೊದಲನೆಯದಾಗಿದ್ದ ಅಲಬಾಮಾವನ್ನು 40-35ರಿಂದ ಸೋಲಿಸಿತು. 1984ರಿಂದೀಚೆಗೆ ಆ ಎದುರಾಳಿಯ ಮೇಲೆ ಅವರಿಗೆ ದೊರೆತ ಮೊದಲ ಗೆಲುವು ಅದು. ಕಿರಿಯ ಕಾಲೇಜಿನ ವರ್ಷಗಳನ್ನು ಲೆಕ್ಕಕ್ಕೆ ಹಿಡಿದು ತನ್ನ ಅರ್ಹತೆ ಮುಗಿಯಿತೆನ್ನುವ ನಿಯಮದ ವಿರುದ್ಧ ಅವನು ಫೆಡರಲ್ ನ್ಯಾಯಾಲಯಕ್ಕೆ ಹೋಗಿ, ಅದೇ ಡಿಸೆಂಬರಿನಲ್ಲಿ ಇನ್ನೊಂದು ಋತು ಆಡುವ ಅನುಮತಿಯನ್ನು ಪಡೆದ. ಒಂದು ವರ್ಷದ ಆಟಕ್ಕಾಗಿ ನ್ಯಾಯಾಲಯದ ಮೆಟ್ಟಿಲೇರಿದ ಅವನಿಗೆ, ತಾನು ಕಲಿತುದೇನು, ಅದು ಎಷ್ಟು ಬಾಳುತ್ತದೆ ಎಂಬುದು ಶ್ರೇಯಾಂಕ ಹಂಚುವವರೆಲ್ಲರಿಗಿಂತ ಚೆನ್ನಾಗಿ ತಿಳಿದಿತ್ತು.

ಇನ್ನು ಜೇಲನ್ ಹರ್ಟ್ಸ್‌ನ ಮಾತು ಉಳಿದಿದೆ. ಕಣದಿಂದ ಇಳಿಸಲ್ಪಟ್ಟ ಆ ರಾತ್ರಿ ಗೆರೆಯಾಚೆ ನಿಂತು ಟುವಾನನ್ನು ಹುರಿದುಂಬಿಸಿದ ಅವನು ಮರುವರ್ಷವೂ ಅಲಬಾಮಾವನ್ನು ಬಿಡದೆ, ಎರಡನೆಯವನಾಗಿ ಕಾದುಕೊಂಡು ಕುಳಿತ. 2018ರ ಡಿಸೆಂಬರ್ 1ರಂದು ಅದೇ ಅಟ್ಲಾಂಟಾದ ಅದೇ ಕ್ರೀಡಾಂಗಣದಲ್ಲಿ ಅದೇ ಜಾರ್ಜಿಯಾದ ಎದುರು ಅಲಬಾಮಾ 28-21ರಿಂದ ಹಿಂದಿದ್ದಾಗ, ಕೊನೆಯ ಪಾದದಲ್ಲಿ ಟುವಾ ಗಾಯಗೊಂಡು ಹೊರನಡೆದ. ಹರ್ಟ್ಸ್ ಒಳಕ್ಕೆ ಬಂದು ಒಂದು ಟಚ್‌ಡೌನ್ ಎಸೆದು ಸಮಮಾಡಿ, ಇನ್ನೊಂದನ್ನು ತಾನೇ ಓಡಿ ಗಳಿಸಿ, 35-28ರಿಂದ ಗೆಲ್ಲಿಸಿದ.