ಕಾಡಂಚಿನ ಕೆಲಸಗಾರರಿಗೆ ಉಣುಗುನಿವಾರಕ ಉಡುಪು

ಹಿಂದೆ ಆನೆಯ ಖೆಡ್ಡಾಕ್ಕೆ ಪ್ರಸಿದ್ಧವಾಗಿದ್ದ ಕಾಕನಕೋಟೆಯ ಕಾಡಿನ ಅಂಚಿನಲ್ಲಿ ಬೇಸಾಯ ಮಾಡುವವರಿಗೆ ಆನೆ ಹುಲಿಗಳ ಭಯವು ತಿಳಿದದ್ದೇ ಆಗಿದೆ. ಆದರೆ ಎಳ್ಳುಕಾಳಿಗಿಂತಲೂ ಸಣ್ಣದಾದ ಮರಿ ಉಣುಗನ್ನು ಅನೇಕರು ಲಕ್ಷ್ಯಕ್ಕೆ ತಂದುಕೊಳ್ಳುವುದಿಲ್ಲ.

1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಸುತ್ತಲ ಗ್ರಾಮಸ್ಥರಿಗೂ ಕಠಿಣವಾದ ಜ್ವರವು ಬಂದಿತು. ಮಂಗನ ಕಾಯಿಲೆಯೆಂಬ ಈ ರೋಗವನ್ನು ಹರಡತಕ್ಕದ್ದು ಉಣುಗೆಂದು ಗೊತ್ತಾಯಿತು. 2012ರಲ್ಲಿ ಕಾಕನಕೋಟೆಗೆ ನೆರೆಯಾದ ಬಂಡೀಪುರದ ಕಾಡಿನಲ್ಲಿಯೂ ಮಂಗಗಳು ಇದರಿಂದ ಸತ್ತವು. ಕಳೇಬರಗಳನ್ನು ಮುಟ್ಟಿದವರಿಗೂ ರೋಗವು ತಗುಲಿತು. ಆದಕಾರಣ ಇದು ಮಲೆನಾಡಿನ ಪೀಡೆಯೆಂದು ಈ ಸೀಮೆಯವರು ಸುಮ್ಮನಿರಲಾಗದು.

ಕಾಡಿನಲ್ಲಿ ಮೇಯುವ ದನಗಳ ರಕ್ತವನ್ನು ಹೀರಿ ಬಲಿತ ಉಣುಗು ನೆಲದಲ್ಲಿ ಮೊಟ್ಟೆಯಿಡುತ್ತದೆ. ಮಳೆಗಾಲ ಕಳೆದ ಮೇಲೆ, ನವೆಂಬರಿನಿಂದ ಮೇ ತಿಂಗಳವರೆಗೆ, ಮರಿಗಳು ತರಗೆಲೆಗಳಲ್ಲಿಯೂ ಪೊದೆಗಳಲ್ಲಿಯೂ ಹೇರಳವಾಗಿರುತ್ತವೆ. ಸೌದೆ ತರುವವರಿಗೂ ದನ ಕಾಯುವವರಿಗೂ ಇದೇ ಅಪಾಯದ ಕಾಲ.

ಸೇವಂತಿಗೆಯ ಜಾತಿಯ ಪೈರೆತ್ರಮ್ ಹೂವಿನ ಸಾರವನ್ನು ಅನುಸರಿಸಿ ತಯಾರಿಸಿದ ಪರ್ಮೆಥ್ರಿನ್ ಎಂಬ ಔಷಧವು ಬಟ್ಟೆಯ ನೂಲಿಗೆ ಅಂಟಿಕೊಂಡು ಹಲವು ಒಗೆತಗಳವರೆಗೆ ಉಳಿಯುತ್ತದೆ. ಅಂತಹ ಬಟ್ಟೆಯ ಮೇಲೆ ಹತ್ತಿದ ಉಣುಗು ಕಾಲು ಸೋತು ಉದುರಿಬೀಳುತ್ತದೆ. ಬಟ್ಟೆಗೆಂದೇ ಮಾರುವ ಶೇಕಡಾ 0.5ರ ದ್ರಾವಣವನ್ನು ಬಯಲಿನಲ್ಲಿ ಸಿಂಪಡಿಸಿ, ಪೂರ್ತಿ ಒಣಗಿದ ಮೇಲೆಯೇ ತೊಡತಕ್ಕದ್ದು. ತುಂಬುತೋಳಿನ ಅಂಗಿಯನ್ನೂ ಉದ್ದವಾದ ಷರಾಯಿಯನ್ನೂ ಧರಿಸಿ, ಷರಾಯಿಯ ತುದಿಯನ್ನು ಕಾಲುಚೀಲದೊಳಗೆ ಸೇರಿಸಬೇಕು. ಬರಿಗಾಲಿನಲ್ಲಿ ಮೊಣಕಾಲಿನವರೆಗೆ ಪಂಚೆ ಎತ್ತಿಕಟ್ಟಿದವನಿಗೆ ಔಷಧದ ಅಂಗಿಯೊಂದರಿಂದ ಪ್ರಯೋಜನವು ಅಲ್ಪ. ಈ ಔಷಧವನ್ನು ಚರ್ಮಕ್ಕೆ ಹಚ್ಚಕೂಡದು. ತೆರೆದ ಕೈಕಾಲುಗಳಿಗೆ ರೋಗಪೀಡಿತ ಪ್ರದೇಶಗಳಲ್ಲಿ ಆರೋಗ್ಯ ಇಲಾಖೆಯವರು ಹಂಚುವ ಡೇಪಾ ತೈಲವೇ ತಕ್ಕದ್ದು.

ಇಲ್ಲೊಂದು ಎಚ್ಚರಿಕೆಯು ಅತ್ಯಗತ್ಯ. ಬೆಳೆಗೆ ಹೊಡೆಯುವ ಕೀಟನಾಶಕವು ಮನೆಯಲ್ಲಿ ಉಂಟೆಂದು ಅದರಲ್ಲಿ ಬಟ್ಟೆಯನ್ನು ಅದ್ದಲೇಕೂಡದು. ಹೆಸರು ಒಂದೇ ಆಗಿದ್ದರೂ ಅದರ ಪ್ರಬಲತೆ ಬೇರೆ, ಅದರಲ್ಲಿ ಕೂಡಿಸಿದ ದ್ರಾವಕಗಳು ಬೇರೆ. ಅವು ಮೈಗೂ ಉಸಿರಿಗೂ ಹಾನಿಕರ. ಔಷಧದ ಬಟ್ಟೆಯನ್ನು ಕೆರೆಯಲ್ಲಿ ಒಗೆದರೆ ಮೀನುಗಳಿಗೆ ವಿಷವಾಗುತ್ತದೆ. ಬೆಕ್ಕುಗಳಿಗೂ ಅದು ಆಗದು.

ಉಡುಪು ಇದ್ದರೂ, ಕಾಡಿನಿಂದ ಬಂದೊಡನೆ ಮೈಯನ್ನು ಪರೀಕ್ಷಿಸಿ ಸೋಪಿನಿಂದ ಸ್ನಾನ ಮಾಡಬೇಕು. ಸತ್ತ ಮಂಗವನ್ನು ಕಂಡರೆ ಮುಟ್ಟದೆ ಅರಣ್ಯ ಅಥವಾ ಆರೋಗ್ಯ ಇಲಾಖೆಗೆ ತಿಳಿಸಬೇಕು. ಆಳುಗಳನ್ನು ಕಾಡಂಚಿಗೆ ಕಳುಹಿಸುವ ಜಮೀನುದಾರರು ಕತ್ತಿ ಕೊಡಲಿಗಳನ್ನು ಒದಗಿಸುವಂತೆಯೇ ಈ ಉಡುಪನ್ನೂ ಒದಗಿಸುವುದು ನ್ಯಾಯ. ಒಂದು ಜೊತೆ ಬಟ್ಟೆಗಾಗುವ ವೆಚ್ಚವು ಒಬ್ಬ ದುಡಿಯುವವನ ಪ್ರಾಣಕ್ಕಿಂತ ಹೆಚ್ಚಿನದಲ್ಲ.