‘ನಿಲಂ’ ಎಂದರೆ ಬರಿಯ ನೆಲವಲ್ಲ

ಮನೆ ಕಟ್ಟಿಸಲು ಐದೋ ಹತ್ತೋ ಸೆಂಟ್ಸ್ ಖಾಲಿ ಸ್ಥಳ ಹುಡುಕುತ್ತಿರುವ ಕಾಸರಗೋಡಿನ ಕನ್ನಡ ಬಂಧುಗಳಿಗೆ ಒಂದೆರಡು ಮಾತು ಹೇಳಬೇಕಾಗಿದೆ. ಹೇಳುವ ಅಧಿಕಾರ ನಮಗೆ ಬಂದುದು ಪಾಂಡಿತ್ಯದಿಂದಲ್ಲ, ಪೆಟ್ಟು ತಿಂದುದರಿಂದ.

ಕೆಲವು ವರ್ಷಗಳ ಹಿಂದೆ ನಾವು ಹತ್ತು ಸೆಂಟ್ಸ್ ಕೊಂಡೆವು. ಮಣ್ಣು ತುಂಬಿ ಸಮತಟ್ಟು ಮಾಡಿದ್ದ ಜಾಗ. ಬದಿಯಲ್ಲಿ ನಾಲ್ಕು ತೆಂಗು, ಎದುರಿಗೆ ರಸ್ತೆ. ಆಧಾರ ಮಲಯಾಳದಲ್ಲಿತ್ತು. ಮಲಯಾಳ ಮಾತಾಡಲು ನಮಗೆ ಬರುತ್ತದೆ, ಅಕ್ಷರ ಕೂಡಿಸಿ ಓದಲೂ ಬರುತ್ತದೆ. ಅದರಲ್ಲಿ ‘ನಿಲಂ’ ಎಂಬ ಶಬ್ದ ಕಂಡಿತು. ನೆಲವೆಂದೇ ತಿಳಿದು ರುಜು ಹಾಕಿದೆವು. ಮಕ್ಕಳಿಗೆ ತತ್ಸಮ ತದ್ಭವ ಕಲಿಸುವ ನಮಗೇ ಹೀಗಾಯಿತು! ಕಂದಾಯ ದಾಖಲೆಯಲ್ಲಿ ನಿಲಂ ಎಂದರೆ ಗದ್ದೆ. ಮನೆಗೆ ಒದಗುವ ಹಿತ್ತಿಲ ಭೂಮಿಗೆ ‘ಪುರಯಿಡಂ’ ಎಂದಿರುತ್ತದೆ. ಮನೆಯ ನಕ್ಷೆ ಮರಳಿ ಬಂದಾಗಲೇ ನಮಗೆ ಈ ಭೇದ ತಿಳಿದುದು.

2008ರ ಗದ್ದೆ ಮತ್ತು ಜೌಗು ಭೂಮಿ ಸಂರಕ್ಷಣಾ ಕಾನೂನು ಬಂದ ಮೇಲೆ ಗದ್ದೆಗೆ ಮಣ್ಣು ತುಂಬಿದ ಮಾತ್ರಕ್ಕೆ ಅದು ಹಿತ್ತಿಲಾಗದು. ಡಾಟಾ ಬ್ಯಾಂಕಿನಲ್ಲಿ ಸ್ಥಳ ಸೇರಿದ್ದರೆ ಅದನ್ನು ತೆಗೆಸಲು ಫಾರಂ 5, ಸೇರಿರದಿದ್ದರೆ ಸ್ವರೂಪ ಬದಲಿಸಲು ಫಾರಂ 6. ನಮ್ಮ ಅರ್ಜಿ ಇತ್ಯರ್ಥವಾಗಲು ಎರಡು ಮಳೆಗಾಲ ಕಳೆದವು. ಅಷ್ಟು ಕಾಲ ಮನೆ ಬಾಡಿಗೆಯೂ ಹೋಯಿತು, ಸಾಲದ ಬಡ್ಡಿಯೂ ಹೋಯಿತು. ಆದುದರಿಂದ ಮುಂಗಡ ಕೊಡುವ ಮೊದಲೇ ವಿಲೇಜ್ ಆಫೀಸಿನಲ್ಲಿ ಮೂಲ ತೀರ್ವೆ ರಿಜಿಸ್ಟರನ್ನೂ ಕೃಷಿ ಭವನದಲ್ಲಿ ಡಾಟಾ ಬ್ಯಾಂಕನ್ನೂ ವಿಚಾರಿಸಿರಿ. ಸ್ಥಳದ ಹೆಸರನ್ನೂ ಕೇಳಿರಿ. ಬೈಲು, ಮಜಲು, ಬೆಟ್ಟು—ನಮ್ಮ ಹಿರಿಯರ ಲೆಕ್ಕದಲ್ಲಿ ಮೂರೂ ಗದ್ದೆಗಳೇ.

ಬಾಧ್ಯತಾ ಪತ್ರ ಮೂವತ್ತು ವರ್ಷಗಳದ್ದಾದರೂ ಇರಲಿ. 1956ರ ನವೆಂಬರ್ 1ರ ತನಕ ಈ ಸೀಮೆ ದಕ್ಷಿಣ ಕನ್ನಡಕ್ಕೆ ಸೇರಿತ್ತಾದ್ದರಿಂದ ಹಳೆಯ ಪತ್ರಗಳು ಎಷ್ಟೋ ಮನೆಗಳಲ್ಲಿ ಕನ್ನಡದಲ್ಲೇ ಇವೆ. ಮೂಲಗೇಣಿ, ಚಾಲಗೇಣಿ, ಕುಮ್ಕಿ ಎಂಬ ಮಾತುಗಳನ್ನು ಹಿರಿಯರಿಂದ ಓದಿಸಿ ತಿಳಿದುಕೊಳ್ಳಿ. ಕುಮ್ಕಿಯೆಂದರೆ ವರ್ಗಕ್ಕೆ ತಾಗಿದ ಸರಕಾರಿ ಭೂಮಿಯ ಸವಲತ್ತು ಮಾತ್ರ. ಪಟ್ಟೆಯಾಗದ ಕುಮ್ಕಿಗೆ ಹಣ ಕೊಡಬೇಡಿ. ಹೊಸ ಆಧಾರದ ಕರಡನ್ನು ರಿಜಿಸ್ಟ್ರಿಗೆ ವಾರ ಮುಂಚೆ ಮನೆಗೆ ತಂದು, ಎರಡೂ ಭಾಷೆ ಬಲ್ಲವರಿಂದ ಸಾಲುಸಾಲಾಗಿ ಕನ್ನಡದಲ್ಲಿ ಹೇಳಿಸಿಕೊಳ್ಳಿ. ಬರೆಯುವವರು ಅವಸರ ಮಾಡುತ್ತಾರೆ, ಮಾಡಲಿ. ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗೆ ಕನ್ನಡದಲ್ಲಿ ಬರೆಯುವ ಹಕ್ಕು 1969ರ ಭಾಷಾ ಕಾನೂನಿನಿಂದ ನಮಗುಂಟು. ಸಂಕೋಚವೇಕೆ?

ಕ್ರಯದ ಮೇಲೆ ಮುದ್ರಾಂಕಕ್ಕೆ ನೂರಕ್ಕೆ 8, ರಿಜಿಸ್ಟ್ರಿಗೆ 2 ಬೇರೆ ತೆಗೆದಿಡಬೇಕು. ಸ್ಥಳ ಕೊಳ್ಳುವಾಗ ಇದನ್ನು ಮರೆಯುವವರೇ ಹೆಚ್ಚು.

ಇನ್ನು ನೀರು. ಆಟಿಯಲ್ಲಿ ಒಮ್ಮೆ ಹೋಗಿ ನೀರು ಎಲ್ಲಿ ನಿಲ್ಲುತ್ತದೆಂದು ನೋಡಿ, ಪತ್ತನಾಜೆಯ ಮೊದಲು ಇನ್ನೊಮ್ಮೆ ಹೋಗಿ ನೆರೆಮನೆಯ ಬಾವಿಗೆ ಇಣುಕಿ. ಗುಡ್ಡದ ಬದಿಯಾದರೆ ಮುರಕಲ್ಲಿನಡಿ ಹಳೆಯ ಸುರಂಗವಿದೆಯೇ ಎಂದು ವಿಚಾರಿಸಿ. ಅದರ ಮೇಲೆ ಪಾಯ ಹಾಕಲಾಗದು. ನೆರೆಮನೆಯ ಇಂಗುಗುಂಡಿಗೂ ನಿಮ್ಮ ಬಾವಿಗೂ 7.5 ಮೀಟರ್ ಅಂತರ ಬೇಕು. ಐದು ಸೆಂಟ್ಸಿನಲ್ಲಿ ಇದು ಸುಲಭವಲ್ಲ. ಅಳತೆಯ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಿರಿ.